ಸ್ಕಾಟ್ಲೆಂಡಿನ ಹಳೆಯ ಫೋಟೊ ಕೈಗೆ ಸಿಕ್ಕಾಗ: ನಿಂತ ಜಾಗ ಹುಡುಕುವ ಬಗೆ

ಎಲ್ಲರಿಗೂ ನಮಸ್ಕಾರ. ಹಳೆಯ ಫೋಟೊ ಹಿಡಿದು, ಅದೇ ಜಾಗದಲ್ಲಿ ನಿಂತು ಹೊಸದೊಂದು ತೆಗೆಯುವ ಅಭ್ಯಾಸ ಈಗ ಎಲ್ಲ ಕಡೆ ಇದೆ. 'ಅಂದು–ಇಂದು' ಎಂಬ ತಲೆಬರಹದ ಜೋಡಿ ಚಿತ್ರಗಳು ದಿನವೂ ಫೋನಿಗೆ ಬಂದು ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಮೂಲ ಜಾಗದಿಂದ ಹತ್ತಿಪ್ಪತ್ತು ಮೀಟರು ಆಚೀಚೆ ನಿಂತು ತೆಗೆದವು. ಹಾಗೆ ತೆಗೆದರೆ ಮನೆ ದೊಡ್ಡದಾದಂತೆ, ಬೆಟ್ಟ ಹಿಂದಕ್ಕೆ ಸರಿದಂತೆ, ಮರ ದಟ್ಟವಾದಂತೆ ಕಾಣುತ್ತದೆ. ಬದಲಾದದ್ದು ಊರೋ ನಾವು ನಿಂತ ಜಾಗವೋ ಹೇಳಲು ಬರುವುದಿಲ್ಲ. ಇವತ್ತಿನ ಮಾತು ಮುಖ್ಯವಾಗಿ ಈ ತೊಡಕನ್ನು ಬಿಡಿಸುವ ಬಗ್ಗೆ. ಜಾಗ ಸರಿಹೋದ ಮೇಲೂ ಉಳಿಯುವ ಇನ್ನೊಂದು ದೊಡ್ಡ ತಪ್ಪಿದೆ: ಹಳೆಯ ಫೋಟೊವನ್ನು ಆ ಊರಿನ ಮೊದಲ ಸ್ಥಿತಿ ಎಂದು ನಂಬಿಬಿಡುವುದು. ಅದಕ್ಕೂ ಬರುತ್ತೇನೆ.

ಸ್ಕಾಟ್ಲೆಂಡನ್ನು ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ಅಲ್ಲಿ ಛಾಯಾಗ್ರಹಣ ಬಹಳ ಬೇಗ ಬೇರೂರಿತು, ಸಂಸ್ಥೆಗಳು ಪ್ಲೇಟುಗಳಿಗೆ, ಅಂದರೆ ಗಾಜಿನ ನೆಗೆಟಿವ್‌ಗಳಿಗೆ, ಸಂಖ್ಯೆ ಹಾಕಿ ಇಟ್ಟವು, ಹಳೆಯ ಭೂಪಟಗಳೆಲ್ಲ ಉಚಿತವಾಗಿ ನೋಡಲು ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಲ ಗುಡ್ಡಗಳಲ್ಲಿ ನಡೆದು ಹೋಗಿ ಆ ಜಾಗ ಮುಟ್ಟಲು ಕಾನೂನೇ ಹಕ್ಕು ಕೊಟ್ಟಿದೆ. ಈ ನಾಲ್ಕೂ ಒಟ್ಟಿಗೆ ಇರುವ ದೇಶ ಅಪರೂಪ.

ಚಿತ್ರಗಳು ಎಲ್ಲಿಂದ ಬಂದವು

ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ಇಂಗ್ಲೆಂಡಿನ ಟಾಲ್ಬಟ್, ಕಾಗದದ ಮೇಲೆ ನೆಗೆಟಿವ್ ತೆಗೆಯುವ ಕ್ಯಾಲೊಟೈಪ್ ವಿಧಾನಕ್ಕೆ 1841ರಲ್ಲಿ ಪಡೆದ ಪೇಟೆಂಟ್ ಇಂಗ್ಲೆಂಡಿಗೆ ಅನ್ವಯಿಸುತ್ತಿತ್ತು, ಸ್ಕಾಟ್ಲೆಂಡಿಗೆ ಅಲ್ಲ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಹಣ ಕಟ್ಟದೆ ಪ್ರಯೋಗ ಮಾಡಬಹುದಿತ್ತು. ಸೇಂಟ್ ಆಂಡ್ರೂಸ್‌ನಲ್ಲಿ ವೈದ್ಯ ಜಾನ್ ಆಡಮ್ಸನ್ ಈ ವಿಧಾನವನ್ನು ಹಿಡಿತಕ್ಕೆ ತಂದುಕೊಂಡರು. ಅವರ ತಮ್ಮ ರಾಬರ್ಟ್ 1843ರಲ್ಲಿ ಎಡಿನ್‌ಬರೋದ ಕಾಲ್ಟನ್ ಬೆಟ್ಟದ ರಾಕ್ ಹೌಸ್‌ನಲ್ಲಿ ಸ್ಟುಡಿಯೊ ತೆರೆದು, ಚಿತ್ರಕಾರ ಡೇವಿಡ್ ಆಕ್ಟೇವಿಯಸ್ ಹಿಲ್ ಜೊತೆ ಸೇರಿ ನ್ಯೂಹೇವನ್ ಎಂಬ ಬೆಸ್ತರ ಹಳ್ಳಿಯ ಜನರನ್ನು ಅವರ ದೋಣಿ, ಬುಟ್ಟಿ, ಮನೆ ಮೆಟ್ಟಿಲುಗಳ ನಡುವೆಯೇ ಫೋಟೊದಲ್ಲಿ ಹಿಡಿದರು. 1848ರಲ್ಲಿ ರಾಬರ್ಟ್ ತೀರಿಕೊಂಡಾಗ ವಯಸ್ಸು 26 ಅಷ್ಟೆ. ನಮ್ಮ ಹಂಪಿಯನ್ನು 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ತೆಗೆದದ್ದೂ ಇಂಥ ಕಾಗದದ ನೆಗೆಟಿವ್‌ಗಳ ಮೇಲೆಯೇ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಆ ಜೋಡಿಗಳನ್ನು ನೋಡಿದವರಿಗೆ ನಾನು ಇಲ್ಲಿ ಹೇಳುವ ಕೆಲಸದ ಬೆಲೆ ಬೇರೆ ಹೇಳಬೇಕಿಲ್ಲ.

ಊರು ಮತ್ತು ಭೂದೃಶ್ಯಗಳ ಮಟ್ಟಿಗೆ ಎರಡು ಸಂಸ್ಥೆಗಳು ದೊಡ್ಡವು. ಅಬರ್ಡೀನಿನ ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಅವರದು ಒಂದು. ಅವರ ಚಿತ್ರಗಳ ಮೂಲೆಯಲ್ಲಿ 'ಜಿ.ಡಬ್ಲ್ಯು.ಡಬ್ಲ್ಯು.' ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇರುತ್ತವೆ. ಆ ಸಂಸ್ಥೆಯ 37,000ಕ್ಕೂ ಹೆಚ್ಚು ಗಾಜಿನ ಪ್ಲೇಟುಗಳು ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿವೆ. ಇನ್ನೊಂದು ಡಂಡೀಯ ಜೇಮ್ಸ್ ವ್ಯಾಲಂಟೈನ್ ಅವರದು. ಅದರ ಸಂಗ್ರಹ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿದೆ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಮೋಯ್ಸ್ ಆಡಮ್ ಅವರ ಪ್ಲೇಟುಗಳು ನಮ್ಮ ಕೆಲಸಕ್ಕೆ ಚಿನ್ನ. ಸಸ್ಯ ಗೊತ್ತಿದ್ದ ಕಣ್ಣು ಅದು. ಮುನ್ನೆಲೆಯ ಮರ ಯಾವುದು, ಪೊದೆ ಯಾವುದು ಎಂದು ಗುರುತಿಸುವಷ್ಟು ಸ್ಪಷ್ಟವಾಗಿ ತೆಗೆದಿದ್ದಾರೆ. ದಕ್ಷಿಣ ಯೂಯಿಸ್ಟ್ ದ್ವೀಪದಲ್ಲಿ 1929ರಿಂದ 1935ರವರೆಗೆ ನೆಲೆಸಿ ಅಲ್ಲಿನ ದುಡಿಮೆಯ ಬದುಕನ್ನು ದಾಖಲಿಸಿದ ಮಾರ್ಗರೆಟ್ ಫೇ ಶಾ ಅವರನ್ನೂ ಮರೆಯುವಂತಿಲ್ಲ.

ಹಳೆಯ ಪ್ಲೇಟು ಹೇಗೆ ನೋಡುತ್ತಿತ್ತು

ಜಾಗ ಹುಡುಕುವ ಮೊದಲು ಚಿತ್ರದ ಸ್ವಭಾವ ತಿಳಿದಿರಬೇಕು. 1850ರ ದಶಕದಿಂದ 1870ರ ದಶಕದ ಕೊನೆಯವರೆಗೆ ಬಳಕೆಯಲ್ಲಿದ್ದದ್ದು ಕೊಲೋಡಿಯನ್ ಹಸಿ ಪ್ಲೇಟು. ಗಾಜಿಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಕೈಯಲ್ಲಿರುತ್ತಿದ್ದದ್ದು ಹತ್ತು ನಿಮಿಷದಷ್ಟು ಸಮಯ. ಅಂದರೆ ಕತ್ತಲೆ ಡೇರೆ, ಬಾಟಲಿಗಳು, ನೀರು ಎಲ್ಲವೂ ಪಕ್ಕದಲ್ಲೇ ಬೇಕು. ಹಾಗಾಗಿ ಆ ಕಾಲದ ಚಿತ್ರವಾದರೆ ಗಾಡಿ ಹೋಗುವ ದಾರಿಯ ಹತ್ತಿರ, ನೀರಿನ ಹತ್ತಿರ ಮೊದಲು ಹುಡುಕಿ. 1880ರ ನಂತರ ಒಣ ಪ್ಲೇಟು ಬಂದ ಮೇಲೆ ಛಾಯಾಗ್ರಾಹಕ ಗುಡ್ಡ ಹತ್ತಲು ಶುರುಮಾಡಿದ, ಹುಡುಕಾಟವೂ ಗುಡ್ಡ ಹತ್ತಬೇಕು.

ಹಸಿ ಪ್ಲೇಟಿಗೂ ಮೊದಲ ಒಣ ಪ್ಲೇಟುಗಳಿಗೂ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಇದರ ಪರಿಣಾಮ ದೊಡ್ಡದು. ಆಕಾಶ ಬರೀ ಬಿಳಿ. ದೂರದ ಬೆಟ್ಟಗಳ ಮುಂದಿನ ನೀಲಿ ಮಬ್ಬು ಇಮ್ಮಡಿಯಾಗಿ, ಬೆಟ್ಟ ಇನ್ನೂ ದೂರ ಇದ್ದಂತೆ ತೋರುತ್ತದೆ. ಶರತ್ಕಾಲದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಜರೀಗಿಡಗಳ ಇಳಿಜಾರು ಕಪ್ಪಗೆ ಬೀಳುತ್ತದೆ. ಇಲ್ಲಿ ಎಡವುವವರು ಬಹಳ ಮಂದಿ: ಹಳೆಯ ಚಿತ್ರದ ಕಪ್ಪು ಪಟ್ಟಿಯನ್ನು ಕಾಡು ಎಂದುಕೊಂಡು 'ಇಲ್ಲಿ ಮೊದಲು ಕಾಡಿತ್ತು, ಈಗ ಬೋಳಾಗಿದೆ' ಎಂದು ಬರೆದುಬಿಡುತ್ತಾರೆ. ಭೂತಗನ್ನಡಿ ಹಿಡಿದು ಮೇಲಂಚು ನೋಡಿ. ಮರವಾದರೆ ಅಂಚು ಗರಗಸದ ಹಲ್ಲಿನಂತೆ ಏರಿಳಿಯುತ್ತದೆ, ಜರೀಗಿಡವಾದರೆ ನುಣುಪು.

ಬೆಳಕಿಗೆ ಪ್ಲೇಟು ತೆರೆದಿಡುವ ಸಮಯ ಸೆಕೆಂಡುಗಟ್ಟಲೆ ಇದ್ದದ್ದರಿಂದ ನಡೆದಾಡುವವರು ಅಳಿಸಿಹೋಗುತ್ತಾರೆ, ಅಲೆಗಳು ಹಾಲಿನಂತಾಗುತ್ತವೆ. ಬೀದಿ ಖಾಲಿ ಕಂಡರೆ ಊರು ಖಾಲಿಯಿತ್ತು ಎಂದಲ್ಲ. ಪೋಸ್ಟ್‌ಕಾರ್ಡುಗಳಲ್ಲಿ ಇನ್ನೊಂದು ಅಪಾಯ: ಮೋಡವನ್ನು ಬೇರೆ ನೆಗೆಟಿವ್‌ನಿಂದ ತಂದು ಕೂಡಿಸುತ್ತಿದ್ದರು, ತಂತಿ ಕಂಬಗಳನ್ನು ಅಳಿಸುತ್ತಿದ್ದರು, ಬಣ್ಣ ಹಾಕುವವರು ಆ ಊರನ್ನು ನೋಡಿಯೇ ಇರದಿರಬಹುದು. ಬಣ್ಣದ ಕಾರ್ಡಿನಲ್ಲಿ ಕೆಂಪು ಹೆಂಚು ಕಂಡರೆ ಅದನ್ನು ಸಾಕ್ಷಿಯಾಗಿ ಬಳಸಬೇಡಿ. ಸ್ಕ್ಯಾನ್ ಮಾಡುವಾಗ ಪ್ಲೇಟು ತಿರುಗಿ ಎಡಬಲ ಅದಲುಬದಲಾಗಿರುವುದೂ ಉಂಟು. ಅಂಗಡಿ ಹಲಗೆಯ ಅಕ್ಷರ, ಕೋಟಿನ ಗುಂಡಿ ನೋಡಿದರೆ ಗೊತ್ತಾಗುತ್ತದೆ.

ಯಾವ ವರ್ಷದ್ದು?

ಪ್ಲೇಟಿನ ಸಂಖ್ಯೆಯೊಂದನ್ನೇ ನಂಬಿ ಕೂರಬೇಡಿ. ಬೇಡಿಕೆಯ ನೋಟವಾದರೆ ಹಳೆಯ ಪ್ಲೇಟಿನ ಜಾಗಕ್ಕೆ ಹೊಸದು ತೆಗೆದು ಅದೇ ಸಂಖ್ಯೆ ಮುಂದುವರಿಸಿದ್ದುಂಟು. ಪೋಸ್ಟ್‌ಕಾರ್ಡಿನ ಅಂಚೆ ಮುದ್ರೆ ಹೇಳುವುದು 'ಇದಕ್ಕಿಂತ ಈಚಿನದಲ್ಲ' ಎಂಬುದನ್ನು ಮಾತ್ರ. ಚಿತ್ರ ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದಿರಬಹುದು. ಬ್ರಿಟನ್ನಿನಲ್ಲಿ ಕಾರ್ಡಿನ ಹಿಂಬದಿಯನ್ನು ವಿಳಾಸಕ್ಕೂ ಒಕ್ಕಣೆಗೂ ಎರಡು ಭಾಗ ಮಾಡಲು ಅನುಮತಿ ಸಿಕ್ಕಿದ್ದು 1902ರಲ್ಲಿ. ಹಿಂಬದಿಯಲ್ಲಿ ಗೆರೆ ಇಲ್ಲದಿದ್ದರೆ ಅದಕ್ಕಿಂತ ಹಿಂದಿನದು ಎಂದು ಊಹಿಸಬಹುದು. ಕಾರ್ಡಿಗೆ ಅರ್ಧ ಪೆನ್ನಿಯ ಅಂಚೆ ದರ 1918ರ ಜೂನ್‌ವರೆಗೆ ಇತ್ತು, ಹಾಗಾಗಿ ಅಂಟಿಸಿದ ಅಂಚೆಚೀಟಿಯೂ ಸುಳಿವು ಕೊಡುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಚಿತ್ರದೊಳಗೇ ಇರುತ್ತದೆ. ಮೋಟಾರು ಗಾಡಿಯ ನೋಂದಣಿ ಫಲಕ 1904ರ ನಂತರದ್ದು. 'ಎಸ್‌ಟಿ' ಇದ್ದರೆ ಇನ್ವರ್ನೆಸ್ ಜಿಲ್ಲೆ, 'ಜೆಎಸ್' ರಾಸ್ ಮತ್ತು ಕ್ರೊಮಾರ್ಟಿ, 'ಎಸ್‌ಬಿ' ಆರ್ಗೈಲ್. ಮೀನುಗಾರಿಕೆ ದೋಣಿಗಳ ಮೇಲೂ ಬಂದರಿನ ಅಕ್ಷರಗಳಿರುತ್ತವೆ: 'ಬಿಎಫ್' ಬ್ಯಾಂಫ್, 'ಕೆವೈ' ಕರ್ಕಾಲ್ಡಿ, 'ಎಸ್‌ವೈ' ಸ್ಟೋರ್ನೊವೇ. ದೋಣಿಯ ಹಿಂತುದಿ ನೆಟ್ಟಗಿದ್ದರೆ ಫೈಫಿ ಜಾತಿಯದು, ಹಿಂದಕ್ಕೆ ಓರೆಯಾಗಿ ಚಾಚಿದ್ದರೆ ಜುಲು. ಜುಲು ದೋಣಿ ಹುಟ್ಟಿದ್ದೇ 1879ರಲ್ಲಿ. ಚೌಕದಲ್ಲಿ ಮೊದಲ ಮಹಾಯುದ್ಧದ ಸ್ಮಾರಕ ಕಂಡರೆ ಯುದ್ಧ ಮುಗಿದ ನಂತರದ ಚಿತ್ರ. ಚಾವಣಿಗಳ ಮೇಲೆ ಟಿವಿ ಆಂಟೆನಾ ಕಂಡರೆ 1952ರ ಈಚಿನದು, ಏಕೆಂದರೆ ಸ್ಕಾಟ್ಲೆಂಡಿನ ಮೊದಲ ಟಿವಿ ಪ್ರಸಾರ ಕೇಂದ್ರ ಕರ್ಕ್ ಓ' ಶಾಟ್ಸ್‌ನಲ್ಲಿ ಶುರುವಾದದ್ದು ಆ ವರ್ಷ. ಫೋರ್ತ್ ಕೊಲ್ಲಿಯ ದಂಡೆಯ ಸೌತ್ ಕ್ವೀನ್ಸ್‌ಫೆರಿಯ ಚಿತ್ರವಾದರೆ ಕೆಲಸ ಇನ್ನೂ ಸಲೀಸು. ಸೇತುವೆ ಎಣಿಸಿದರೆ ಸಾಕು: ಮುಗಿದ ಸೇತುವೆ ಒಂದೂ ಇಲ್ಲದಿದ್ದರೆ 1890ಕ್ಕೆ ಮೊದಲು, ರೈಲು ಸೇತುವೆ ಮಾತ್ರ ಇದ್ದರೆ 1890ರ ನಂತರ, ಎರಡು ಇದ್ದರೆ 1964ರ ನಂತರ, ಮೂರು ಇದ್ದರೆ 2017ರ ನಂತರ.

ನಿಂತ ಜಾಗ

ಈಗ ಮುಖ್ಯ ಕೆಲಸ. ಮೊದಲು ಮನೆಯಲ್ಲೇ ಕುಳಿತು ಭೂಪಟ ನೋಡಬೇಕು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಬ್ರಿಟನ್ನಿನ ಸರ್ಕಾರಿ ಭೂಪಟ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಮೈಲಿಗೆ ಆರು ಇಂಚಿನ ಮತ್ತು ಇಪ್ಪತ್ತೈದು ಇಂಚಿನ ಹಾಳೆಗಳಿವೆ. ಹಳೆಯ ಹಾಳೆಯನ್ನೂ ಇಂದಿನ ಉಪಗ್ರಹ ಚಿತ್ರವನ್ನೂ ಪಕ್ಕಪಕ್ಕ ತೆರೆದು ಒಟ್ಟಿಗೆ ಸರಿಸಬಹುದು. ಇಪ್ಪತ್ತೈದು ಇಂಚಿನ ಹಾಳೆಯಲ್ಲಿ ಪ್ರತಿ ಮನೆಯ ಆಕಾರ, ಪ್ರತಿ ಕಲ್ಲುಗೋಡೆ ಇರುತ್ತದೆ. ಸ್ಮಾರಕ, ಪಾಳುಬಿದ್ದ ಕಟ್ಟಡಗಳ ವಿವರಕ್ಕೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸ್ಮಾರಕ ಸಂರಕ್ಷಣಾ ಸಂಸ್ಥೆಯ ದತ್ತಸಂಗ್ರಹ ನೋಡಿ. ಕ್ಯಾನ್‌ಮೋರ್ ಎಂದು ಹೆಸರಾಗಿದ್ದದ್ದು ಈಗ ಟ್ರೋವ್ ಆಗಿದೆ.

ಚಿತ್ರದಲ್ಲಿ ಒಂದರ ಹಿಂದೆ ಒಂದು ನೇರವಾಗಿ ಬಿದ್ದ ಎರಡು ವಸ್ತು ಹುಡುಕಿ. ಉದಾಹರಣೆಗೆ ಚರ್ಚಿನ ಮೂಲೆ ಮತ್ತು ಅದರ ಹಿಂದಿನ ಶಿಖರ. ಭೂಪಟದ ಮೇಲೆ ಆ ಎರಡನ್ನೂ ಸೇರಿಸಿ ಗೆರೆ ಎಳೆದು ನಿಮ್ಮ ಕಡೆಗೆ ಉದ್ದ ಮಾಡಿ. ಕ್ಯಾಮೆರಾ ಆ ಗೆರೆಯ ಮೇಲೆ ಎಲ್ಲೋ ಇತ್ತು. ಚಿತ್ರದ ಇನ್ನೊಂದು ಬದಿಯಲ್ಲಿ ಇಂಥದೇ ಇನ್ನೊಂದು ಜೋಡಿ ಹಿಡಿದು ಗೆರೆ ಎಳೆಯಿರಿ. ಎರಡು ಗೆರೆ ಕೂಡುವಲ್ಲಿ ಕ್ಯಾಮೆರಾ. ಗೆರೆಗಳ ನಡುವೆ ಕೋನ ತೀರಾ ಕಡಿಮೆಯಿದ್ದರೆ ಅವು ಕೂಡುವ ಬಿಂದು ಬಹಳ ಅಲುಗಾಡುತ್ತದೆ, ಆದ್ದರಿಂದ ಚಿತ್ರದ ಎರಡು ಅಂಚುಗಳಿಂದ ಒಂದೊಂದು ಜೋಡಿ ಆರಿಸುವುದು ಒಳ್ಳೆಯದು.

ಸ್ಥಳಕ್ಕೆ ಹೋದ ಮೇಲೆ ಎಡಬಲ ಹೊಂದಿಸುವುದಕ್ಕೆ ಹತ್ತಿರದ ವಸ್ತುವನ್ನು ದೂರದ ವಸ್ತುವಿನ ಮೇಲೆ ತಾಳೆ ನೋಡಿ. ಇಪ್ಪತ್ತು ಮೀಟರು ದೂರದ ಗೇಟಿನ ಕಂಬ ಇದೆ ಎನ್ನೋಣ. ನೀವು ಒಂದು ಮೀಟರು ಪಕ್ಕಕ್ಕೆ ಸರಿದರೆ ಅದು ಬೆಟ್ಟದ ಮುಂದೆ ಸುಮಾರು ಮೂರು ಡಿಗ್ರಿ ಸರಿಯುತ್ತದೆ. 4000 ಪಿಕ್ಸೆಲ್ ಅಗಲದ ಫೋನ್ ಚಿತ್ರದಲ್ಲಿ ಅದು ಸುಮಾರು 140 ಪಿಕ್ಸೆಲ್, ಬರಿಗಣ್ಣಿಗೇ ಗೊತ್ತಾಗುವಷ್ಟು. ಹತ್ತಿರದ ವಸ್ತು ಇದ್ದಷ್ಟೂ ಜಾಗ ನಿಖರ. ಬರೀ ದೂರದ ಬೆಟ್ಟಸಾಲು ಇರುವ ಚಿತ್ರದಲ್ಲಿ ಐವತ್ತು ಮೀಟರು ತಪ್ಪಿದರೂ ಕಾಣುವುದಿಲ್ಲ. ಅಂಥ ಚಿತ್ರಕ್ಕೆ ಇಷ್ಟೇ ನಿಖರ ಎಂದು ಬರೆದಿಟ್ಟರೆ ಸಾಕು.

ಮುಂದೆ ಹಿಂದೆ ಹೊಂದಿಸುವುದಕ್ಕೆ ಅನುಪಾತ ಬೇಕು. ಹಳೆಯ ಪ್ರಿಂಟಿನಲ್ಲಿ ಹತ್ತಿರದ ಮನೆಯ ಗೋಡೆ 30 ಮಿ.ಮೀ., ದೂರದ ಎರಡು ಶಿಖರಗಳ ನಡುವಿನ ಅಂತರ 60 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಅನುಪಾತ 0.5. ನಿಮ್ಮ ಪರದೆಯಲ್ಲಿ ಅದೇ ಎರಡನ್ನು ಅಳೆದಾಗ 0.55 ಬಂದರೆ ಮನೆಗೆ ಹತ್ತಿರವಾಗಿದ್ದೀರಿ. ಮನೆ ಈಗ 40 ಮೀಟರು ದೂರದಲ್ಲಿದ್ದರೆ ನಾಲ್ಕು ಮೀಟರು ಹಿಂದೆ ಸರಿಯಬೇಕು. ಜೂಮ್ ಮಾಡಿದರೆ ಎರಡೂ ಒಟ್ಟಿಗೆ ದೊಡ್ಡದಾಗುತ್ತವೆ, ಅನುಪಾತ ಕದಲುವುದಿಲ್ಲ. ಜೂಮ್‌ನಿಂದ ಜಾಗದ ತಪ್ಪನ್ನು ಸರಿಪಡಿಸಲು ಹೋಗುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು. ಲೆನ್ಸ್ ಯಾವುದು ಎಂಬ ಚಿಂತೆ ಬಿಡಿ. ಅಗಲವಾಗಿ ತೆಗೆದು ಆಮೇಲೆ ಕತ್ತರಿಸಿ.

ಎತ್ತರವನ್ನು ಹಲವರು ಮರೆಯುತ್ತಾರೆ. ಹತ್ತಿರದ ಗೋಡೆಯ ಮೇಲಂಚು ದೂರದ ದಂಡೆಯನ್ನು ಎಲ್ಲಿ ಮುಟ್ಟುತ್ತದೆ ನೋಡಿ. ಕಣ್ಣಿನ ಮಟ್ಟದಲ್ಲಿ ಹಿಡಿದಾಗ ಅದು ಹೊಂದದಿದ್ದರೆ ಹಳೆಯವನು ಗೋಡೆಯ ಮೇಲೋ ಮೇಲ್ಮಹಡಿಯ ಕಿಟಕಿಯಲ್ಲೋ ನಿಂತಿದ್ದ, ಇಲ್ಲವೇ ರಸ್ತೆಯ ಮಟ್ಟವೇ ಆಮೇಲೆ ಏರಿದೆ. ಗ್ಲೆಂಕೋ ಕಣಿವೆಯ ಹಳೆಯ ಚಿತ್ರಗಳು ಈಗಿನ ಹೆದ್ದಾರಿಯಿಂದ ಹೊಂದದಿರುವುದಕ್ಕೆ ಕಾರಣವೂ ಇಂಥದ್ದೇ. ಈಗಿನ ರಸ್ತೆ 1930ರ ಆಸುಪಾಸಿನಲ್ಲಿ ಹೊಸದಾಗಿ ಹಾಕಿದ್ದು, ಅದಕ್ಕಿಂತ ಹಿಂದಿನ ಛಾಯಾಗ್ರಾಹಕರು ನಿಂತದ್ದು ಹಳೆಯ ದಾರಿಯ ಮೇಲೆ. ಆ ದಾರಿಯಲ್ಲಿ ಈಗ ನಡೆದೇ ಹೋಗಬೇಕು.

ಕೊನೆಯದಾಗಿ ಕ್ಯಾಮೆರಾ ಓರೆ. ಪ್ಲೇಟು ಕ್ಯಾಮೆರಾದಲ್ಲಿ ಎತ್ತರದ ಗೋಪುರ ಹಿಡಿಯಲು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸುತ್ತಿರಲಿಲ್ಲ, ಲೆನ್ಸನ್ನಷ್ಟೇ ಮೇಲಕ್ಕೆ ಜಾರಿಸುತ್ತಿದ್ದರು. ಹಾಗಾಗಿ ಗೋಡೆಗಳು ನೆಟ್ಟಗೇ ಉಳಿದವು. ಫೋನನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಒಳಕ್ಕೆ ಬಾಗುತ್ತವೆ, ಆಮೇಲೆ ಆ ಬಾಗನ್ನು ತಿದ್ದದೆ ಎರಡು ಚಿತ್ರ ಒಂದರ ಮೇಲೊಂದು ಕೂರುವುದಿಲ್ಲ. ಕ್ಯಾಮೆರಾವನ್ನು ಮಟ್ಟವಾಗಿಟ್ಟು, ಅಗಲ ಲೆನ್ಸಿನಲ್ಲಿ ತೆಗೆದು, ಕೆಳಗಿನ ಹೆಚ್ಚುವರಿ ನೆಲವನ್ನು ಕತ್ತರಿಸಿ ಹಾಕಿ.

ಬೆಳಕು ಮತ್ತು ಋತು

ನೆರಳು ಹೊಂದಿದರೆ ಮಾತ್ರ ಇಳಿಜಾರಿನ ಏರುತಗ್ಗು ಹೋಲಿಸಲು ಬರುತ್ತದೆ. 57 ಡಿಗ್ರಿ ಅಕ್ಷಾಂಶದಲ್ಲಿ ನಡುಬೇಸಿಗೆಯ ಮಧ್ಯಾಹ್ನ ಸೂರ್ಯ 56 ಡಿಗ್ರಿ ಏರುತ್ತಾನೆ, ಡಿಸೆಂಬರಿನಲ್ಲಿ 10 ಡಿಗ್ರಿ ಕೂಡ ಮುಟ್ಟುವುದಿಲ್ಲ. ನಮ್ಮೂರಿನ ಅಂದಾಜು ಅಲ್ಲಿ ನಡೆಯದು. ಚಳಿಗಾಲದಲ್ಲಿ ಎಷ್ಟೋ ಕಣಿವೆಗಳ ಉತ್ತರಮುಖ ಇಡೀ ದಿನ ನೆರಳಿನಲ್ಲೇ ಇರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಬೇಸಿಗೆ ಗಡಿಯಾರದ ಪ್ರಕಾರ ನಿಜವಾದ ನಡುಮಧ್ಯಾಹ್ನ ಬರುವುದು ಸುಮಾರು 1 ಗಂಟೆ 20 ನಿಮಿಷಕ್ಕೆ. ಬೇಸಿಗೆ ಗಡಿಯಾರ ಶುರುವಾದದ್ದು 1916ರಲ್ಲಿ, ಅದಕ್ಕೂ ಹಿಂದಿನ ಬೇಸಿಗೆಯ ಚಿತ್ರದ ಮೇಲೆ ಸಮಯ ಬರೆದಿದ್ದರೆ ಅದಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಿ. ಹಳೆಯ ಚಿತ್ರ ಮೇ ಮೊದಲ ದಿನದ್ದಾದರೆ ಅದೇ ಸೂರ್ಯ ಆಗಸ್ಟ್ 12ರ ಸುಮಾರಿಗೆ ಮತ್ತೆ ಸಿಗುತ್ತಾನೆ. ಆದರೆ ಎಲೆ, ಹುಲ್ಲು, ಜರೀಗಿಡ ಬೇರೆಯಾಗಿರುತ್ತವೆ.

ಕಪ್ಪುಬಿಳುಪಿಗೆ ತಿರುಗಿಸುವಾಗ ನೀಲಿ ಚಾನೆಲ್ ಒಂದನ್ನೇ ಉಳಿಸಿ, ಕೆಂಪು ಹಸಿರು ಸೊನ್ನೆ ಮಾಡಿ. ಆಗ ನಿಮ್ಮ ಚಿತ್ರವೂ ಹಳೆಯ ಪ್ಲೇಟಿನಂತೆಯೇ ಆಕಾಶ ಬಿಳಿ, ಜರೀಗಿಡ ಕಪ್ಪು ತೋರಿಸುತ್ತದೆ. ನೀಲಿ ಚಾನೆಲ್‌ನಲ್ಲಿ ಕಾಳುಕಾಳು ಹೆಚ್ಚು ಬರುವುದರಿಂದ ಕ್ಯಾಮೆರಾ ಸಂಸ್ಕರಿಸದೆ ಕೊಡುವ ರಾ ಫೈಲ್‌ನಲ್ಲೇ ತೆಗೆಯಿರಿ. ಬಣ್ಣದ ಮೂಲವನ್ನೂ ಇಟ್ಟುಕೊಳ್ಳಿ.

ಕ್ವೀನ್ಸ್ ವ್ಯೂ: ನೀರಿನ ಅಂಚು ನಂಬಬಾರದು

ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಪಿಟ್ಲಾಕ್ರಿ ರೈಲು ನಿಲ್ದಾಣದಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ಟಮ್ಮೆಲ್ ಸರೋವರದ ಮೇಲೆ ಕ್ವೀನ್ಸ್ ವ್ಯೂ ಎಂಬ ಬಂಡೆಯ ತುದಿಯಿದೆ. 1866ರಲ್ಲಿ ರಾಣಿ ವಿಕ್ಟೋರಿಯಾ ಇಲ್ಲಿಗೆ ಬಂದಿದ್ದರು. ವಿಲ್ಸನ್ ಕಾಲದಿಂದ ಇಂದಿನವರೆಗೆ ಈ ನೋಟ ತೆಗೆಯದವರಿಲ್ಲ. ಎಡಗಡೆ ದೂರದಲ್ಲಿ 1083 ಮೀಟರು ಎತ್ತರದ ಶೀಹಾಲಿಯನ್ ಬೆಟ್ಟ, ನಡುವೆ ಪಶ್ಚಿಮಕ್ಕೆ ಚಾಚಿದ ನೀರು.

ಮೊದಲ ಸಲ ಹೊಂದಿಸುವವರು ನೀರಿನ ಅಂಚನ್ನೇ ಗುರುತಾಗಿ ಹಿಡಿಯುತ್ತಾರೆ, ಏಕೆಂದರೆ ಚಿತ್ರದಲ್ಲಿ ಎದ್ದು ಕಾಣುವುದು ಅದೇ. ಆಗ ಏನೂ ಹೊಂದುವುದಿಲ್ಲ. 1950ರಲ್ಲಿ ಕ್ಲೂನಿ ಅಣೆಕಟ್ಟು ಮುಗಿದು ವಿದ್ಯುತ್ತಿಗಾಗಿ ನೀರಿನ ಮಟ್ಟ ಏರಿಸಿದರು. ಹಳೆಯ ಚಿತ್ರಗಳಲ್ಲಿ ಸರೋವರ ಕಿರಿದು, ಆಗ ದಂಡೆಯಲ್ಲಿದ್ದ ತಗ್ಗು ನೆಲ ಈಗ ನೀರಿನಡಿ. ಇಲ್ಲಿ ಹೊಂದಿಸಬೇಕಾದದ್ದು ಶೀಹಾಲಿಯನ್ನಿನ ಅಂಚನ್ನು, ಅದರ ಮುಂದೆ ಒಂದರ ಮೇಲೊಂದು ಹಾಯುವ ಗುಡ್ಡದ ಭುಜಗಳನ್ನು. ಅವು ಹೊಂದಿದ ಮೇಲೆ ಎರಡು ನೀರಿನ ಗೆರೆಗಳ ನಡುವಿನ ವ್ಯತ್ಯಾಸ ತಾನಾಗಿಯೇ ಅಣೆಕಟ್ಟಿನ ಕೆಲಸವನ್ನು ತೋರಿಸುತ್ತದೆ. ಇನ್ನೊಂದು ಅಡ್ಡಿ ಮರಗಳದು. ಕಟಕಟೆ ಹಾಕಿದ ಈಗಿನ ಜಾಗದಿಂದ ನೋಟ ಚೆನ್ನಾಗಿದೆ, ಆದರೆ ಹಳೆಯ ಪ್ಲೇಟೊಂದರ ಜಾಗ ಅದರ ಪಕ್ಕದ ಇಳಿಜಾರಿನಲ್ಲಿ ಬಿದ್ದರೆ ಕಾಣುವುದು ಬರೀ ಕೊಂಬೆ. ಎಲೆ ಉದುರುವ ಬರ್ಚ್ ಮರವಾದರೆ ಚಳಿಗಾಲದಲ್ಲಿ ಬನ್ನಿ. ವರ್ಷವಿಡೀ ಹಸಿರಾಗಿರುವ ಸ್ಪ್ರೂಸ್ ತೋಪಾದರೆ ಯಾವ ಕಾಲದಲ್ಲೂ ದಾರಿಯಿಲ್ಲ. ಆಗ ಮರ ಮುಚ್ಚಿದ ಚಿತ್ರವನ್ನೇ ಸರಿಯಾದ ಜಾಗದಿಂದ ತೆಗೆಯಿರಿ, ಮರ ಬಂದದ್ದೂ ಒಂದು ದಾಖಲೆಯೇ. ನೋಟ ಚೆಂದ ಬರಲಿ ಎಂದು ಜಾಗ ಬದಲಿಸಿದರೆ ಜೋಡಿಯೇ ಕೆಟ್ಟಿತು.

ಇದೇ ಎಚ್ಚರಿಕೆ ಅಫ್ರಿಕ್ ಕಣಿವೆಯಲ್ಲೂ ಬೇಕು. ಅಲ್ಲಿ ಬೆನ್ ಎ ವೀನ್ ಸರೋವರದ ಮಟ್ಟ ಏರಿಸಿದರು, ಮೇಲಿನ ಅಫ್ರಿಕ್ ಸರೋವರವನ್ನು ಹಾಗೇ ಬಿಟ್ಟರು. ಒಂದೇ ಕಣಿವೆಯಲ್ಲಿ ಒಂದು ದಂಡೆ ನಂಬಬಹುದಾದ್ದು, ಇನ್ನೊಂದು ಅಲ್ಲ.

ಹಳ್ಳಿಯಲ್ಲಿ ಏನು ನೋಡಬೇಕು

ಹಳ್ಳಿಯ ಚಿತ್ರದಲ್ಲಿ ಮೊದಲು ಚಾವಣಿ ಓದಿ. ದ್ವೀಪಗಳ ಹಳೆಯ ಮನೆಗಳು ದಪ್ಪ ಜೋಡಿಗೋಡೆಯವು, ಹುಲ್ಲು ಹೊದೆಸಿ ಹಗ್ಗದಿಂದ ಬಿಗಿದು ತುದಿಗೆ ಕಲ್ಲು ಕಟ್ಟಿದವು. ಹೊಗೆಗೂಡು ಇರುತ್ತಿರಲಿಲ್ಲ. ಲೂಯಿಸ್ ದ್ವೀಪದ ಆರ್ನಾಲ್‌ನ 42ನೇ ಸಂಖ್ಯೆಯ ಮನೆಯಲ್ಲಿ 1966ರವರೆಗೂ ಜನ ವಾಸವಿದ್ದರು, ಈಗ ಅದು ಸಂರಕ್ಷಿತ. ಹುಲ್ಲು ಹೋಗಿ ಡಾಂಬರು ಹಚ್ಚಿದ ಫೆಲ್ಟ್, ತಗಡು, ಕೊನೆಗೆ ಸ್ಲೇಟು ಬಂದ ಕ್ರಮವನ್ನು ಒಂದೇ ಬೀದಿಯ ಮೂರು ನಾಲ್ಕು ಕಾಲದ ಚಿತ್ರಗಳಲ್ಲಿ ಎಣಿಸಬಹುದು. ಗೋಡೆ ಹಳೆಯದಾಗಿಯೇ ಉಳಿದು ಕಿಟಕಿ ದೊಡ್ಡದಾಗಿದೆಯೇ, ಚಾವಣಿಯಿಂದ ಹೊಸ ಕಿಟಕಿಗೂಡು ಎದ್ದಿದೆಯೇ ನೋಡಿ. ಹಿಂದೆ ಬಲೆ ಒಣಹಾಕುತ್ತಿದ್ದ ಅಂಗಳದಲ್ಲಿ ಈಗ ಕಾರು ನಿಂತಿರುತ್ತದೆ.

ಪಶ್ಚಿಮಕ್ಕೆ ದೂರದ ಕಡಲಲ್ಲಿರುವ ಸೇಂಟ್ ಕಿಲ್ಡಾ ದ್ವೀಪಗುಂಪಿನ ಹಿರ್ಟಾ ದ್ವೀಪದಲ್ಲಿ ಈ ಓದು ಬಹಳ ಸ್ಪಷ್ಟ. 1886ರಲ್ಲಿ ವಿಲ್ಸನ್ ಸಂಸ್ಥೆಗಾಗಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಊರ ಗಂಡಸರು ಬೀದಿಯಲ್ಲಿ ದಿನದ ಕೆಲಸ ಹಂಚಿಕೊಳ್ಳಲು ಸೇರಿದ್ದಾರೆ. ಹಿಂದಿನ ಮನೆಗಳು 1860ರ ದಶಕದ ಆರಂಭದಲ್ಲಿ ಕಟ್ಟಿದ ಹದಿನಾರು ಹೊಸ ಮನೆಗಳ ಸಾಲಿನವು. ಅವುಗಳ ನಡುವೆ ಇರುವ ಗುಂಡು ಮೂಲೆಯವು ಅದಕ್ಕೂ ಹಿಂದಿನವು, ಆಮೇಲೆ ಕೊಟ್ಟಿಗೆಯಾದವು. ಕರಾವಳಿಯಲ್ಲಿ ಫಿರಂಗಿ ಕಂಡರೆ 1918ರಲ್ಲಿ ಜರ್ಮನ್ ಜಲಾಂತರ್ಗಾಮಿ ಗುಂಡು ಹಾರಿಸಿದ ನಂತರದ ಚಿತ್ರ. 1930ರ ಆಗಸ್ಟ್ 29ರಂದು ಉಳಿದಿದ್ದ 36 ಮಂದಿಯೂ ದ್ವೀಪ ಬಿಟ್ಟರು. 1932ರಲ್ಲಿ ಪಕ್ಕದ ದ್ವೀಪದಿಂದ 107 ಸೋಯ್ ಕುರಿಗಳನ್ನು ತಂದು ಬಿಟ್ಟರು. ಹಳೆಯ ಚಿತ್ರದಲ್ಲಿ ಮನೆಯಿಂದ ಸಮುದ್ರದವರೆಗೆ ಪಟ್ಟೆ ಪಟ್ಟೆಯಾಗಿ ಕಾಣುವ ಬೆಳೆಗದ್ದೆ ಈಗ ಕುರಿ ಮೇಯ್ದು ಒಂದೇ ಹಸಿರಾಗಿದೆ. ಬೆಟ್ಟದ ಮೇಲೆ ರಾಡಾರ್ ಕಟ್ಟಡಗಳಿದ್ದರೆ 1957ರ ಈಚಿನದು.

ಡಂಡೀಗೆ ಎದುರು ದಂಡೆಯ ವರ್ಮಿಟ್ ಹಳ್ಳಿಯಿಂದ ಟೇ ಸೇತುವೆ ನೋಡಿದರೆ ರೈಲು ಸೇತುವೆಯ ಪಕ್ಕದಲ್ಲೇ ನೀರಿನಿಂದ ಎದ್ದ ಮೋಟು ಕಂಬಗಳ ಸಾಲು ಕಾಣುತ್ತದೆ. 1879ರ ಡಿಸೆಂಬರ್ 28ರ ಬಿರುಗಾಳಿಯಲ್ಲಿ ರೈಲಿನೊಂದಿಗೆ ಬಿದ್ದ ಮೊದಲ ಸೇತುವೆಯ ಬುಡಗಳು ಅವು. ತನಿಖೆಗಾಗಿ ವ್ಯಾಲಂಟೈನ್ ಸಂಸ್ಥೆ ಮುರಿದ ಕಂಬಗಳನ್ನು ಒಂದೊಂದಾಗಿ ತೆಗೆದಿತ್ತು. ಆ ಚಿತ್ರಗಳನ್ನು ಇಂದಿನ ಮೋಟುಗಳ ಮೇಲೆ ಕೂರಿಸಿ ನೋಡುವುದು ಎಂಜಿನಿಯರಿಂಗ್ ಓದುವವರಿಗೆ ನಾನು ಮೊದಲು ಸೂಚಿಸುವ ಅಭ್ಯಾಸ.

ಮೊದಲ ಫೋಟೊ ಮೊದಲ ಸ್ಥಿತಿ ಅಲ್ಲ

ಆರಂಭದಲ್ಲಿ ಹೇಳಿದ ಎರಡನೆಯ ತಪ್ಪು ಇದು. 1880ರ ಹೈಲ್ಯಾಂಡ್ಸ್ (ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ) ಚಿತ್ರದಲ್ಲಿ ಬೋಳು ಬೆಟ್ಟ, ಜನವಿಲ್ಲದ ಕಣಿವೆ ಕಾಣುತ್ತದೆ. ಅದನ್ನು ಮನುಷ್ಯ ಮುಟ್ಟದ ನಿಸರ್ಗ ಎಂದು ಹೊಗಳುವವರಿದ್ದಾರೆ. ಆದರೆ ಸ್ಟ್ರಾತ್‌ನೇವರ್ ಕಣಿವೆಯ ಒಕ್ಕಲುಗಳನ್ನು ಕುರಿಸಾಕಣೆಗಾಗಿ ಎಬ್ಬಿಸಿದ್ದು 1814 ಮತ್ತು 1819ರಲ್ಲಿ. ಛಾಯಾಗ್ರಹಣ ಲೋಕಕ್ಕೆ ಬಂದದ್ದು 1839ರಲ್ಲಿ. ಕ್ಯಾಮೆರಾ ಬರುವ ಹೊತ್ತಿಗೆ ಜನ ಹೋಗಿಯಾಗಿತ್ತು. ಕುರಿ ಮತ್ತು ಜಿಂಕೆ ಚಿಗುರು ಬಿಡದೆ ತಿಂದು ಬೆಟ್ಟ ಬೋಳಾಗಿಯೇ ಉಳಿಯುವಂತೆ ಮಾಡಿದ್ದವು. ಆ ಚಿತ್ರದ ಮೌನ ಒಂದು ಅನ್ಯಾಯದ ಫಲ. ಅದನ್ನು ಸೌಂದರ್ಯವೆಂದಷ್ಟೇ ನೋಡುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ಫೋಟೊ ಜೋಡಿಯ ಹಿಂದಕ್ಕೆ ಎರಡು ಭೂಪಟ ಸೇರಿಸಿ. 1747ರಿಂದ 1755ರ ನಡುವೆ ವಿಲಿಯಂ ರಾಯ್ ಮಾಡಿಸಿದ ಸೇನಾ ಸರ್ವೆಯಲ್ಲಿ ಹಳ್ಳಿಗಳು ಕೆಂಪು ಗುರುತುಗಳ ಗುಂಪಾಗಿ ಕಾಣುತ್ತವೆ, ಅಳತೆ ಮಾತ್ರ ಒರಟು. ಆರ್ಡ್‌ನೆನ್ಸ್ ಸರ್ವೆಯ ಮೊದಲ ಆವೃತ್ತಿಯಲ್ಲಿ ಚಾವಣಿಯಿರುವ ಮನೆಗೆ ಒಳಗೆ ಬಣ್ಣ ಅಥವಾ ಗೆರೆ ತುಂಬಿರುತ್ತಾರೆ, ಪಾಳುಮನೆಗೆ ಬರೀ ಹೊರಗೆರೆ. ಹೊರಗೆರೆಗಳ ಗುಂಪು ಕಂಡರೆ ಅಲ್ಲೊಂದು ಊರಿತ್ತು. ಸ್ಥಳದಲ್ಲಿ ಅದರ ಕುರುಹು ಹುಡುಕಲು ಮಾರ್ಚ್–ಏಪ್ರಿಲ್ ಒಳ್ಳೆಯದು. ಆಗ ಜರೀಗಿಡ ಮಲಗಿರುತ್ತದೆ, ಓರೆ ಬಿಸಿಲಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಏರುಮಡಿಗಳು ಸಾಲು ಸಾಲಾಗಿ ನೆರಳು ಬೀರುತ್ತವೆ. ಜುಲೈನಲ್ಲಿ ಅದೇ ಜಾಗ ಸೊಂಟದೆತ್ತರದ ಹಸಿರು, ಏನೂ ಕಾಣದು.

ಈಚಿನ ಬದಲಾವಣೆಯೂ ಹೀಗೆಯೇ ಕಾರಣ ಕೇಳುತ್ತದೆ. ಕ್ರೇಗ್ ಮೆಗೀ ಎಂಬಲ್ಲಿ 1985ರಲ್ಲಿ ಸರ್ಕಾರಿ ಸಂರಕ್ಷಣಾ ಮಂಡಳಿ ನೆಲ ಕೊಂಡು, ಬೇಲಿಯನ್ನು ನೆಚ್ಚಿಕೊಳ್ಳದೆ ಜಿಂಕೆಗಳ ಸಂಖ್ಯೆ ಇಳಿಸಿತು. ಬರ್ಚ್ ಮರ ತಾನಾಗಿ ಎದ್ದಿತು. 1919ರಲ್ಲಿ ಹುಟ್ಟಿದ ಅರಣ್ಯ ಆಯೋಗದ ಸ್ಪ್ರೂಸ್ ತೋಪಾದರೆ ಸಾಲಿನಲ್ಲಿ, ಒಂದೇ ಎತ್ತರಕ್ಕೆ ನಿಂತಿರುತ್ತದೆ, ಅಂಚು ಕತ್ತರಿಸಿದಂತಿರುತ್ತದೆ. ಚಿತ್ರದಲ್ಲಿ 'ಮರ ಹೆಚ್ಚಿದೆ' ಎಂದು ಬರೆದು ನಿಲ್ಲಿಸದೆ ಯಾವ ಮರ, ಹೇಗೆ ಬಂತು ಎಂದು ಬೇರ್ಪಡಿಸಿ ಬರೆಯಿರಿ.

ಹೋಗುವಾಗ, ಬಂದ ಮೇಲೆ

2003ರ ಭೂ ಸುಧಾರಣಾ ಕಾನೂನಿನಂತೆ ಸ್ಕಾಟ್ಲೆಂಡಿನಲ್ಲಿ ಹೊಣೆಯರಿತು ನಡೆಯುವವರಿಗೆ ಬಹುಪಾಲು ನೆಲ ಮುಕ್ತ. ಮನೆಯ ಅಂಗಳ, ತೋಟ, ರೈಲು ಹಳಿ ಇದರಲ್ಲಿ ಸೇರುವುದಿಲ್ಲ. ಹಳೆಯ ಚಿತ್ರದ ಜಾಗ ಈಗ ಯಾರದ್ದೋ ಹಿತ್ತಲಾಗಿದ್ದರೆ ಬಾಗಿಲು ತಟ್ಟಿ ಹಳೆಯ ಪ್ರಿಂಟನ್ನು ತೋರಿಸಿ ಕೇಳಿ. ಕುರಿಮರಿ ಹಾಕುವ ಏಪ್ರಿಲ್–ಮೇನಲ್ಲಿ ಹಿಂಡಿನಿಂದ ದೂರ ಇರಿ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಿಂಕೆ ಬೇಟೆ ನಡೆಯುವ ಎಸ್ಟೇಟುಗಳಲ್ಲಿ ಮೊದಲೇ ವಿಚಾರಿಸಿ. ಬೇಸಿಗೆಯ ಗಾಳಿಯಿಲ್ಲದ ಸಂಜೆ ಪಶ್ಚಿಮದಲ್ಲಿ ಮಿಜ್ ಎಂಬ ನುಸಿ ಟ್ರೈಪಾಡ್ ಬಳಿ ನಿಲ್ಲಗೊಡುವುದಿಲ್ಲ. ತಲೆಗೆ ಬಲೆ ಬೇಕು. ಫೋಟೊದ ಪ್ರತಿಯನ್ನು ಕಾಗದದ ಮೇಲೆ ತೆಗೆದುಕೊಂಡು ಪಾರದರ್ಶಕ ಚೀಲದಲ್ಲಿಡಿ, ಮಳೆಯಲ್ಲಿ ಫೋನ್ ಪರದೆ ಬೆರಳಿಗೆ ಓಗೊಡುವುದಿಲ್ಲ.

ಹಕ್ಕುಸ್ವಾಮ್ಯ ಗಮನದಲ್ಲಿರಲಿ. ಬ್ರಿಟನ್ನಿನಲ್ಲಿ ಛಾಯಾಗ್ರಾಹಕ ತೀರಿಕೊಂಡ 70 ವರ್ಷದವರೆಗೆ ಹಕ್ಕು ಉಳಿಯುತ್ತದೆ. ವಿಲ್ಸನ್ ತೀರಿಕೊಂಡದ್ದು 1893ರಲ್ಲಿ, ತೊಂದರೆಯಿಲ್ಲ. ಮೋಯ್ಸ್ ಆಡಮ್ ತೀರಿಕೊಂಡದ್ದು 1967ರಲ್ಲಿ, ಅವರ ಚಿತ್ರಗಳಿಗೆ 2037ರ ಕೊನೆಯವರೆಗೆ ಅನುಮತಿ ಬೇಕು. ಹಕ್ಕು ಮುಗಿದಿದ್ದರೂ ದೊಡ್ಡ ಸ್ಕ್ಯಾನ್ ಕೊಡಲು ಸಂಗ್ರಹಾಲಯ ತನ್ನದೇ ಷರತ್ತು ಹಾಕಬಹುದು, ಕೇಳಿಯೇ ಬಳಸಿ.

ದಾಖಲೆಯಲ್ಲಿ ಇಷ್ಟಿರಬೇಕು: ಹಳೆಯ ಚಿತ್ರದ ಸಂಗ್ರಹ ಮತ್ತು ಸಂಖ್ಯೆ, ಭೂಪಟದ ಚೌಕಗಳಲ್ಲಿ ಜಾಗ ಗುರುತಿಸುವ ಗ್ರಿಡ್ ಉಲ್ಲೇಖ, ಲೆನ್ಸ್ ನೆಲದಿಂದ ಎಷ್ಟು ಎತ್ತರ, ಯಾವ ದಿಕ್ಕು, ದಿನ, ಸಮಯ, ಮತ್ತು ಎಷ್ಟು ಮೀಟರಿನೊಳಗೆ ಜಾಗ ಖಚಿತ ಎಂಬ ನಿಮ್ಮ ಅಂದಾಜು. ಫೋನಿನ ಜಿಪಿಎಸ್ ಬಯಲಿನಲ್ಲೇ ಮೂರರಿಂದ ಐದು ಮೀಟರು ತಪ್ಪುತ್ತದೆ, ಕಡಿದಾದ ಕಣಿವೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಟ್ರೈಪಾಡ್ ತೆಗೆಯುವ ಮೊದಲು ಹತ್ತು ಹೆಜ್ಜೆ ಹಿಂದೆ ಹೋಗಿ, ಟ್ರೈಪಾಡ್ ನಿಂತಿರುವ ಬಂಡೆ, ಗೋಡೆ, ಕಂಬ ಎಲ್ಲ ಕಾಣುವಂತೆ ಇನ್ನೊಂದು ಚಿತ್ರ ತೆಗೆಯಿರಿ. ನಿಮ್ಮ ನಂತರ ಮೂರನೆಯ ಚಿತ್ರ ತೆಗೆಯಲು ಬರುವವರಿಗೆ ಜಾಗ ಹುಡುಕಿಕೊಡುವುದು ಆ ಚಿತ್ರವೇ. ಹೊಸ ಚಿತ್ರವನ್ನು ಜಿಯೋಗ್ರಾಫ್‌ನಂಥ ಮುಕ್ತ ತಾಣಕ್ಕೆ ಏರಿಸುವಾಗ ಕತ್ತರಿಸದ ಪೂರ್ತಿ ಫೈಲನ್ನೇ ಹಾಕಿ, ಹೊಂದಿಸಿ ಕತ್ತರಿಸಿದ್ದನ್ನು ಜೊತೆಗೆ ಬೇರೆಯಾಗಿ ಇಡಿ.